ಕಪ್ಪೆಯಾದರೂ ಅದು 4/4
ಮ್ಯಾಜಿಕ್: ದ ಗ್ಯಾದರಿಂಗ್ ಕಾರ್ಡ್ ಆಟದಲ್ಲಿ ನಿಮ್ಮ 5/5 ಕ್ರೀಚರ್‌ಗೆ (ಪವರ್ ಅಂದರೆ ಹೊಡೆಯುವ ಬಲ 5, ಟಫ್‌ನೆಸ್ ಅಂದರೆ ತಾಳುವ ಬಲ 5) ಮೊದಲು +3/+3 ಕೊಡುವ ಜೈಂಟ್ ಗ್ರೋತ್ ಕಾರ್ಡ್ ಹಾಕಿದಿರಿ. ಆಮೇಲೆ ಎದುರಾಳಿ, ಕ್ರೀಚರ್‌ನ ವಿಶೇಷ ಶಕ್ತಿಗಳನ್ನೆಲ್ಲ ಕಳೆದು ಅದನ್ನು 1/1 ಕಪ್ಪೆ ಮಾಡುವ ಟರ್ನ್ ಟು ಫ್ರಾಗ್ ಹಾಕಿ, "ಕೊನೆಗೆ ಬಂದದ್ದೇ ಲೆಕ್ಕ, ಇದೀಗ 1/1" ಅಂದರು. ಸರಿಯಾ ಅಂತ ಕೇಳಿದ್ದೀರಿ. ಸರಿಯಲ್ಲ, ಅದು 4/4.

ಮ್ಯಾಜಿಕ್‌ನಲ್ಲಿ ಇಂಥ ಪರಿಣಾಮಗಳನ್ನು ಹಾಕಿದ ಕ್ರಮದಲ್ಲಿ ಎಣಿಸುವುದಿಲ್ಲ, ಲೇಯರ್ ಪ್ರಕಾರ, ಅಂದರೆ ನಿಯಮದಲ್ಲಿ ನಂಬರ್ ಹಾಕಿಟ್ಟ ಹಂತಗಳ ಪ್ರಕಾರ ಎಣಿಸುತ್ತಾರೆ. ಬೇಸ್ (ಮೂಲ) ಪವರ್, ಟಫ್‌ನೆಸ್ ಇಷ್ಟೇ ಅಂತ ನಿಗದಿ ಮಾಡುವುದು 7ಬಿ ಲೇಯರ್. ಕೂಡಿಸಿ ಕಳೆಯುವುದು 7ಸಿ. ಹಾಗಾಗಿ ಮೊದಲು 1/1, ಅದರ ಮೇಲೆ +3/+3. +1/+1 ಥರದ ಕೌಂಟರ್‌ಗಳೂ (ಕಾರ್ಡಿನ ಮೇಲೆ ಇಡುವ ಗುರುತುಗಳು) 7ಸಿಯಲ್ಲೇ ಬರುತ್ತವೆ. ಹಾಸನದ ನಮ್ಮ ಮನೆ ಜಗಲಿಯಲ್ಲಿ ಆಡುವಾಗ +1/+1 ಕೌಂಟರ್‌ಗೆ ಹುಣಸೆ ಬೀಜ ಇಡುತ್ತೇವೆ. ಕಾರ್ಡ್ ಕಪ್ಪೆಯಾದ ತಕ್ಷಣ ಹುಡುಗರು ಬೀಜ ಎತ್ತಿಬಿಡುತ್ತಾರೆ! ಎತ್ತಬಾರದು, ಎರಡು ಬೀಜ ಇದ್ದರೆ ಆ ಕಪ್ಪೆ 3/3.

ನಿಮ್ಮ ಎದುರಾಳಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಒಂದೇ ಲೇಯರ್‌ನಲ್ಲಿ ಎರಡು ಪರಿಣಾಮ ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಆಮೇಲೆ ಬಂದದ್ದೇ ನಿಲ್ಲುತ್ತದೆ. ಉದಾಹರಣೆಗೆ, ಕಪ್ಪೆಯಾಗುವ ಮುಂಚೆ ಯಾವುದೋ ಕಾರ್ಡಿನಿಂದ ಫ್ಲೈಯಿಂಗ್ (ಹಾರುವ ಶಕ್ತಿ) ಕೊಟ್ಟಿದ್ದರೆ ಅದು ಹೋಯಿತು. ಕಪ್ಪೆಯಾದ ಮೇಲೆ ಕೊಟ್ಟರೆ ಹಾರುವ ಕಪ್ಪೆ. ಮುಂದಿನ ಸಲ ಫ್ಲೈಯಿಂಗ್ ಕಾರ್ಡನ್ನು ಆತುರಪಟ್ಟು ಹಾಕದೆ ಕೈಯಲ್ಲೇ ಇಟ್ಟುಕೊಂಡು ನೋಡಿ.