ಬೆಕ್ಕಿಗೆ ಲಾಡಿಹುಳು: ಮಾತ್ರೆ ಕೊಟ್ಟರೂ ಮೂರೇ ವಾರಕ್ಕೆ ಮತ್ತೆ ಯಾಕೆ ಬಂತು?

ಪುಣೆಯ ನಿಮ್ಮ ಮನೆಯಲ್ಲಿ ಬೆಕ್ಕು ಮಲಗುವ ಕಡೆ ಅಕ್ಕಿಕಾಳಿನಂಥದ್ದು ಉದುರಿ ಬೀಳುತ್ತಿತ್ತು. ಲಾಡಿಹುಳುವಿನ ಮಾತ್ರೆ ಕೊಟ್ಟಿರಿ, ನಿಂತಿತು. ಮೂರು ವಾರಕ್ಕೆ ಮತ್ತೆ ಶುರುವಾಯಿತು. ಮಾತ್ರೆಯೇ ಸರಿಯಿಲ್ವಾ ಎಂದು ಕೇಳಿದ್ದೀರಿ.

ಮಾತ್ರೆ ಸರಿಯಾಗಿಯೇ ಇರಬೇಕು. ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ನಾಯಿ, ಎರಡು ಬೆಕ್ಕು ಇವೆ. ಹೋದ ಮಳೆಗಾಲದಲ್ಲಿ ನಮಗೂ ಹೀಗೇ ಆಯಿತು. ಎರಡನೇ ಸಲ ಹೋದಾಗ ಡಾಕ್ಟರು ಕೇಳಿದ್ದು ಒಂದೇ: "ಮನೆಯಲ್ಲಿ ಚಿಗಟ ಇದೆಯಾ?"

ಆ ಅಕ್ಕಿಕಾಳು ಹುಳುವಿನ ತುಂಡು. ಅದರೊಳಗೆ ಮೊಟ್ಟೆಗಳಿರುತ್ತವೆ. ಚಾಪೆ, ಸೋಫಾ ಸಂದಿಯಲ್ಲಿ ಬೆಳೆಯುವ ಚಿಗಟದ ಮರಿಗಳು ಆ ಮೊಟ್ಟೆ ತಿನ್ನುತ್ತವೆ. ಮುಂದೆ ದೊಡ್ಡ ಚಿಗಟವಾಗಿ ಬೆಕ್ಕಿನ ಮೈಗೆ ಹತ್ತುತ್ತವೆ. ಕಡಿದ ಜಾಗವನ್ನು ಬೆಕ್ಕು ನೆಕ್ಕುತ್ತದೆ, ಚಿಗಟವೂ ಹೊಟ್ಟೆಗೆ ಹೋಗುತ್ತದೆ. ಸುಮಾರು ಮೂರು ವಾರದಲ್ಲಿ ಹೊಸ ಹುಳು ಬೆಳೆದು ತುಂಡು ಉದುರಿಸುತ್ತದೆ. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ, ಅಲ್ವಾ?

ಲಾಡಿಹುಳುವಿಗೆ ಕೊಡುವ ಔಷಧ ಪ್ರಾಜಿಕ್ವಾಂಟೆಲ್. ಅದು ಅವತ್ತು ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುತ್ತದೆ, ಅಷ್ಟೇ. ನಾಳೆ ನುಂಗುವ ಚಿಗಟವನ್ನು ತಡೆಯುವುದಿಲ್ಲ. ಸತ್ತ ಹುಳು ಹೆಚ್ಚಾಗಿ ಕರುಳಲ್ಲೇ ಕರಗುತ್ತದೆ, ಕಕ್ಕದಲ್ಲಿ ಕಾಣಲಿಲ್ಲ ಎಂದು ಗಾಬರಿಯಾಗಬೇಡಿ. ಒಂದು ಮಾತು: ಬರೀ ಪೈರಾಂಟೆಲ್ ಇರುವ ಜಂತುಹುಳು ಔಷಧದಿಂದ ಲಾಡಿಹುಳು ಹೋಗುವುದಿಲ್ಲ. ಚೀಟಿಯ ಮೇಲೆ ಹೆಸರು ನೋಡಿ. ಪ್ರಮಾಣ ತೂಕದ ಮೇಲೆ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಡಾಕ್ಟರಿಗೆ ಆ ಅಂಕಿ ಹೇಳಿ.

ಚಿಗಟ ಕಾಣುತ್ತಿಲ್ಲ ಎನ್ನುವವರೇ ಜಾಸ್ತಿ. ನಾನೂ ಹಾಗೇ ಅಂದಿದ್ದೆ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿ, ಸಿಕ್ಕ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ. ಕೆಂಪು ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ಬೆಕ್ಕಿನ ರಕ್ತ. ನಮ್ಮ ಹತ್ತಿ ಕೆಂಪಾದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಆಮೇಲೆ ಮನೆ. ಮನೆಯ ಎಲ್ಲ ಪ್ರಾಣಿಗಳಿಗೂ ಒಂದೇ ದಿನ ಚಿಗಟದ ಔಷಧ ಹಾಕಬೇಕು, ತಿಂಗಳು ತಿಂಗಳು, ಡಾಕ್ಟರು ಸಾಕು ಅನ್ನುವವರೆಗೆ. ಹಾಸಿಗೆಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಮಂಚದಡಿ, ಸೋಫಾ ಸಂದಿ ವ್ಯಾಕ್ಯೂಮ್ ಮಾಡಿ ಕಸ ತಕ್ಷಣ ಹೊರಗೆ ಹಾಕಿ. ಗೂಡು ಕಟ್ಟಿಕೊಂಡ ಚಿಗಟಗಳು ತಿಂಗಳುಗಟ್ಟಲೆ ಕಾಯುತ್ತವೆ. ಅದಕ್ಕೇ ಎರಡು ವಾರಕ್ಕೆ ನಿಲ್ಲಿಸಬೇಡಿ. ನಮಗೆ ಪೂರ್ತಿ ಮೂರು ತಿಂಗಳು ಹಿಡಿಯಿತು.

ನಾಯಿಗೆ ಹಾಕುವ ಚಿಗಟದ ಔಷಧವನ್ನು ಬೆಕ್ಕಿಗೆ ದಯವಿಟ್ಟು ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕು ನಡುಗಿ, ಸೆಟೆದು, ಸತ್ತೇ ಹೋಗಬಹುದು. ಇದೊಂದನ್ನು ಮನೆಯವರಿಗೆಲ್ಲ ಹೇಳಿ.

ನಿಮ್ಮ ಬೆಕ್ಕು ಇಲಿ ಹಿಡಿಯುತ್ತಾ? ಹಾಗಿದ್ದರೆ ಇಲಿಯಿಂದ ಬರುವ ಬೇರೆ ಲಾಡಿಹುಳುವೂ ಇದೆ, ಅದನ್ನೂ ಡಾಕ್ಟರಿಗೆ ತಿಳಿಸಿ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ನೆಲದ ಮೇಲೆ ಇನ್ನಷ್ಟು ಗಮನ ಇರಲಿ. ಅಪರೂಪಕ್ಕೆ ಮಕ್ಕಳೂ ಚಿಗಟ ನುಂಗಿ ಇದೇ ಹುಳು ಹಿಡಿಸಿಕೊಳ್ಳುತ್ತಾರೆ. ಮಗುವಿನ ಕಕ್ಕದಲ್ಲಿ ಅಕ್ಕಿಕಾಳು ಕಂಡರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅದಕ್ಕೂ ಔಷಧ ಇದೆ.