ಬೀಸುವ ಪದಕ್ಕೆ ಲ್ಯಾಪ್‌ಟಾಪಿನ ಮೈಕ್ ಸಾಕೇ?

ಪ್ರಶ್ನೆ: ನಮ್ಮ ಅತ್ತೆಯವರು ಗದಗ ಕಡೆಯವರು. ಬೀಸುವ ಪದ, ಸೋಬಾನೆ ಪದಗಳೆಲ್ಲ ಅವರಿಗೆ ಬಾಯಿಪಾಠ. ಮಗನ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ದನಿ ಪಕ್ಕದ ಕೋಣೆಯಿಂದ ಬಂದಂತಿದೆ, ಜೊತೆಗೆ ಗುಂಯ್ ಎನ್ನುವ ಸದ್ದು. ಸಾಲಿನ ಕೊನೆಯಲ್ಲಿ ರಾಗ ಎಳೆದಾಗಲಂತೂ ದನಿಯೇ ಅಡಗಿಹೋಗುತ್ತದೆ. ಮನೆ ರೈಲು ಹಳಿಯ ಪಕ್ಕದಲ್ಲಿದೆ. ಹೊಸ ಮೈಕ್ ಕೊಳ್ಳಬೇಕೇ?
— ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ಈಗಲೇ ಬೇಡ. ಮೈಕ್ ಬರಲಿ ಎಂದು ಕಾಯುತ್ತ ಕೂತರೆ ಪದಗಳ ಕೆಲಸ ಮುಂದಕ್ಕೆ ಹೋಗುತ್ತದೆ, ಅದು ನನಗೆ ಸರಿಕಾಣುವುದಿಲ್ಲ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದೂ ಮೈಕಿನದ್ದಲ್ಲ.

ರಾಗ ಅಡಗಿಹೋಗುವುದನ್ನೇ ಮೊದಲು ನೋಡೋಣ. ಇಂದಿನ ಲ್ಯಾಪ್‌ಟಾಪುಗಳು ವಿಡಿಯೋ ಕರೆಗೆಂದು ಗದ್ದಲವನ್ನು ತಾವೇ ಸೋಸುತ್ತವೆ. ಮಾತು ತುಂಡುತುಂಡಾಗಿ ಬರುತ್ತದೆ, ಫ್ಯಾನಿನ ಸದ್ದು ಒಂದೇ ಸಮನೆ ಇರುತ್ತದೆ. ಒಂದೇ ಸಮನೆ ಇರುವುದನ್ನು ತಗ್ಗಿಸುವುದು ಅವುಗಳ ಲೆಕ್ಕಾಚಾರ. ತ್ರಿಪದಿಯ ಕೊನೆಯಲ್ಲಿ ನಿಮ್ಮ ಅತ್ತೆಯವರು ಎಳೆಯುವ ಆ ಸ್ವರವನ್ನೂ ಅವು ಫ್ಯಾನೆಂದೇ ತಿಳಿಯುತ್ತವೆ. ಪದದ ಜೀವ ಇರುವುದೇ ಆ ಎಳೆತದಲ್ಲಿ. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸೌಂಡ್ ತೆರೆದು, ಇನ್‌ಪುಟ್ ಕೆಳಗೆ ನಿಮ್ಮ ಮೈಕ್ ಆರಿಸಿ, 'ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್' ಎಂಬುದನ್ನು ಆಫ್ ಮಾಡಿ. ಕೆಲವು ಕಂಪನಿಗಳು ಇದೇ ಕೆಲಸಕ್ಕೆ ತಮ್ಮದೇ ತಂತ್ರಾಂಶ ಹಾಕಿರುತ್ತವೆ. ಅದಿದ್ದರೆ ಅದನ್ನೂ ನಿಲ್ಲಿಸಿ.

ಇನ್ನು ದೂರ. ಮೈಕ್ ಎಲ್ಲಿದೆ ಎಂದು ನೋಡಿದ್ದೀರಾ? ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಕ್ಯಾಮೆರಾದ ಅಕ್ಕಪಕ್ಕ ಸೂಜಿಮೊನೆಯಷ್ಟು ರಂಧ್ರಗಳಿರುತ್ತವೆ. ಕೆಲವಲ್ಲಿ ಕೀಲಿಮಣೆಯ ಬಳಿ. ಕಾಣದಿದ್ದರೆ ರೆಕಾರ್ಡಿಂಗ್ ಚಾಲೂ ಮಾಡಿ ಅಂಚಿನುದ್ದಕ್ಕೂ ಉಗುರಿನಿಂದ ಮೆಲ್ಲಗೆ ಕೆರೆಯುತ್ತ ಹೋಗಿ, ಪರದೆಯ ಮೇಲೆ ದನಿಯ ಗೆರೆ ಜೋರಾಗಿ ಕುಣಿದ ಜಾಗವೇ ಮೈಕ್. ಅಲ್ಲಿಂದ ಬಾಯಿಗೆ ಒಂದೂವರೆ ಗೇಣು ಸಾಕು. ದೂರ ಎರಡು ಪಟ್ಟಾದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಗೋಡೆಗೆ ಬಡಿದು ಬರುವ ಮಾರ್ದನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಪಕ್ಕದ ಕೋಣೆಯಿಂದ ಬಂದಂತೆ ಅನ್ನಿಸುವುದು ಇದಕ್ಕೇ.

ಟೈಲ್ಸ್ ನೆಲದ ಹಾಲ್ ಬಿಟ್ಟು ಹಾಸಿಗೆಯಿರುವ ಕೋಣೆಗೆ ಹೋಗಿ. ಬಟ್ಟೆಯ ಕಪಾಟಿನ ಬಾಗಿಲು ತೆರೆದಿಡಿ. ಊರಿನಿಂದ ತಂದ ಕೌದಿ ಇದ್ದರೆ ಕಿಟಕಿಗೆ ಇಳಿಬಿಡಿ. ಮಾಟುಂಗಾದ ನನ್ನ ಮನೆಯಲ್ಲಿ ನಾನು ಮಾಡುವುದೂ ಅದನ್ನೇ. ಸೀಲಿಂಗ್ ಫ್ಯಾನ್ ಆರಿಸಿ, ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ. ಗುಂಯ್ ಸದ್ದು ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಇಡಬೇಡಿ. ಕೆಳಗಿನ ಗಾಳಿಕಿಂಡಿ ಮುಚ್ಚಿದರೆ ಅದು ಬಿಸಿಯಾಗಿ ಒಳಗಿನ ಫ್ಯಾನ್ ಅಬ್ಬರಿಸುತ್ತದೆ. ಅಗಲವಾದ ಮಣೆಯ ಮೇಲಿಡಿ.

ಲೋಕಲ್ ರೈಲಿಗೆ ನೀವೂ ನಾನೂ ಏನು ಮಾಡಲಾದೀತು! ಗಾಡಿ ಬಂದರೆ ಅತ್ತೆಯವರು ಸುಮ್ಮನಿರಲಿ, ಹೋದ ಮೇಲೆ ಅದೇ ನುಡಿಯನ್ನು ಇನ್ನೊಮ್ಮೆ ಹೇಳಲಿ. ರೆಕಾರ್ಡಿಂಗ್ ಮಾತ್ರ ನಿಲ್ಲಿಸಬೇಡಿ, ಮತ್ತೆ ಮತ್ತೆ ಶುರುಮಾಡಿದರೆ ವಯಸ್ಸಾದವರು ಬೇಸರಪಟ್ಟುಕೊಳ್ಳುತ್ತಾರೆ. ಬೀಸುಕಲ್ಲಿನ ಮುಂದೆ ಕೂತು ಕಲಿತವರಿಗೆ ಕೈ ತಿರುಗದೆ ಪದ ಬರುವುದಿಲ್ಲ. ಕೈ ತಿರುಗಿಸಲಿ, ಬಳೆಯ ಸದ್ದು ಬಿದ್ದರೂ ಬೀಳಲಿ. ಅದನ್ನು ನಾನಾದರೆ ಯಾವ ಕಾರಣಕ್ಕೂ ತೆಗೆಯುವುದಿಲ್ಲ.

ಮೊದಲ ಹತ್ತು ಸೆಕೆಂಡು ಎಲ್ಲರೂ ಮೌನವಾಗಿರಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಆ ಮೌನವನ್ನೇ ಮಾದರಿಯಾಗಿ ತೋರಿಸಿ 'ನಾಯ್ಸ್ ರಿಡಕ್ಷನ್' ಮಾಡಬಹುದು. 6 ಡೆಸಿಬೆಲ್‌ನಿಂದ ಶುರುಮಾಡಿ, 12 ದಾಟಬೇಡಿ. ಹೆಚ್ಚಾದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ರೆಕಾರ್ಡ್ ಮಾಡುವಾಗ ದನಿಯ ಮಟ್ಟ ಏರಿದಾಗಲೂ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟಿ ಸೊನ್ನೆಯತ್ತ ಹೋಗದಿರಲಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಪೂರ್ತಿ ಸರಿಪಡಿಸಲು ಆಗುವುದಿಲ್ಲ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಪಾಠಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದೇನೆ. ವೇವ್ ಕಡತಗಳಿಂದ ಡಿಸ್ಕ್ ತುಂಬುತ್ತಿದೆ. ಎಂಪಿ3 ಸಾಕೇ?
— ವಿದ್ಯಾರ್ಥಿ, ವಾಸ್ಕೋ, ಗೋವಾ

ಉತ್ತರ: ನೀವು ಬಹುಶಃ ಸ್ಟೀರಿಯೋ, ಅಂದರೆ ಎಡ-ಬಲಕ್ಕೆ ಬೇರೆ ಬೇರೆ ದನಿ, ಇಟ್ಟಿದ್ದೀರಿ. ಒಬ್ಬರ ದನಿಗೆ ಒಂದೇ ದನಿಯ ಮೋನೋ ಸಾಕು, ಗಾತ್ರ ಅರ್ಧಕ್ಕಿಳಿಯುತ್ತದೆ. ಸೆಕೆಂಡಿಗೆ 44,100 ಮಾದರಿ, 16 ಬಿಟ್, ಮೋನೋ ಎಂದರೆ ನಿಮಿಷಕ್ಕೆ ಸುಮಾರು 5.3 ಎಂಬಿ, ಗಂಟೆಗೆ 318 ಎಂಬಿ. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಒಂದು ಎಂಬಿಯ ಆಸುಪಾಸು. ಓದಿಕೊಳ್ಳುವುದಕ್ಕೆ ಅದು ಧಾರಾಳ. ಮುಂದೆ ಕತ್ತರಿಸಿ ಜೋಡಿಸುವುದಿದ್ದರೆ ಮಾತ್ರ ಮೂಲವನ್ನು ವೇವ್‌ನಲ್ಲೇ ಉಳಿಸಿಕೊಳ್ಳಿ.

ಪ್ರಶ್ನೆ: ಮ್ಯಾಕ್‌ಬುಕ್‌ನಲ್ಲಿ ಬೇರೇನೂ ಹಾಕಿಕೊಳ್ಳದೆ ರೆಕಾರ್ಡ್ ಮಾಡಬಹುದೇ?
— ಓದುಗರು, ಕೋಥ್ರೂಡ್, ಪುಣೆ

ಉತ್ತರ: ಮಾಡಬಹುದು. ಕ್ವಿಕ್‌ಟೈಮ್ ಪ್ಲೇಯರ್ ತೆರೆದು ಫೈಲ್ ಮೆನುವಿನಲ್ಲಿ 'ನ್ಯೂ ಆಡಿಯೋ ರೆಕಾರ್ಡಿಂಗ್' ಒತ್ತಿ. ಕೆಂಪು ಗುಂಡಿಯ ಪಕ್ಕದ ಬಾಣದಲ್ಲಿ ಒಳಗಿನ ಮೈಕ್ ಆಯ್ಕೆಯಾಗಿದೆಯೇ ನೋಡಿಕೊಳ್ಳಿ. ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡಿದ್ದರೆ ಅದರ ಮೈಕ್ ಆಯ್ಕೆಯಾಗಿ ದನಿ ಸೊರಗಿರುತ್ತದೆ.