‘ಆಸ್ಪತ್ರೆಗಳೆಲ್ಲ ಸರ್ಕಾರದ್ದಾಗಬೇಕಾ?’ ಎಂದು ಕೇಳಿದರೆ

ಎಲ್ಲರಿಗೂ ಆರೋಗ್ಯ ಸೇವೆ ಸಿಗಬೇಕು ಅಂದ ಕೂಡಲೇ "ಹಾಗಾದರೆ ಆಸ್ಪತ್ರೆಗಳೆಲ್ಲ ಸರ್ಕಾರದ್ದಾಗಬೇಕಾ?" ಅನ್ನುತ್ತಾರೆ, ಆಗ ನೀವು ತಡವರಿಸುತ್ತೀರಿ, ಅಲ್ವಾ? ಬಹುಶಃ ಎರಡು ಪ್ರಶ್ನೆಗಳು ಕಲಸಿಹೋಗಿವೆ: ದುಡ್ಡು ಯಾರು ಕೊಡುತ್ತಾರೆ, ಚಿಕಿತ್ಸೆ ಯಾರು ಕೊಡುತ್ತಾರೆ.

ಮೊದಲು ಇವನ್ನು ಬೇರೆ ಮಾಡಿ. ಬ್ರಿಟನ್‌ನಲ್ಲಿ 1948ರಿಂದ ದುಡ್ಡು ಮುಖ್ಯವಾಗಿ ತೆರಿಗೆಯದ್ದು, ಹೆಚ್ಚಿನ ಆಸ್ಪತ್ರೆಗಳೂ ಸರ್ಕಾರದ್ದೇ. ಕೆನಡಾದಲ್ಲಿ ಬಿಲ್ ಕಟ್ಟುವುದು ಪ್ರಾಂತ್ಯ ಸರ್ಕಾರ, ಆದರೆ ಬಹುಪಾಲು ಡಾಕ್ಟರುಗಳು ಸರ್ಕಾರಿ ನೌಕರರಲ್ಲ. ಸ್ವಿಟ್ಜರ್ಲೆಂಡ್‌ನಲ್ಲಂತೂ ಖಾಸಗಿ ವಿಮೆಯೇ. ಆದರೆ ಎಲ್ಲರೂ ಕೊಳ್ಳಲೇಬೇಕು, ಮೂಲ ವಿಮೆಗೆ ಬಂದವರನ್ನು ಕಾಯಿಲೆ ಇದೆ ಅಂತ ಕಂಪನಿ ವಾಪಸ್ ಕಳಿಸುವಂತಿಲ್ಲ. ಸರ್ಕಾರವೇ ಎಲ್ಲ ನಡೆಸದೆಯೂ ಎಲ್ಲರಿಗೂ ಸೇವೆ ಸಿಗಬಹುದು ಅಂತ ತೋರಿಸಲು ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಈ ಉದಾಹರಣೆಯೇ.

ಆಮೇಲೆ ಅವರನ್ನೇ ಕೇಳಿ: ನಿಮ್ಮ ವಿರೋಧ ಇದರಲ್ಲಿ ಯಾವುದಕ್ಕೆ?

ಚಿಕಿತ್ಸೆಗೆ ತುಂಬಾ ಕಾಯಬೇಕು ಅಂದರೆ ಸುಮ್ನೆ ಅಲ್ಲಗಳೆಯಬೇಡಿ. ಬ್ರಿಟನ್, ಕೆನಡಾ ಎರಡರಲ್ಲೂ ಆ ಸಮಸ್ಯೆ ಇದೆ. ಅದಕ್ಕೆ ಕಾರಣ ಸರ್ಕಾರದ ಹಿಡಿತವೋ, ಡಾಕ್ಟರು, ಹಾಸಿಗೆಗಳ ಕೊರತೆಯೋ ಅನ್ನುವುದರಲ್ಲಿ ಒಮ್ಮತವಿಲ್ಲ, ಅಲ್ಲಿ ಹಟ ಹಿಡಿಯಬೇಡಿ. ತೆರಿಗೆ ಜಾಸ್ತಿಯಾಗುತ್ತದೆ ಅಂದರೆ, ಈಗ ಕಟ್ಟುವ ಪ್ರೀಮಿಯಂ ಮತ್ತು ಕೈಯಿಂದ ಹಾಕುವ ಖರ್ಚು ಎರಡನ್ನೂ ಕೂಡಿಸಿ ಹೋಲಿಸಲು ಹೇಳಿ.